ಹುಚ್ಚರಾಯಪ್ಪನವರ ಬಂಧನ

ಸದಾಶಿವಪ್ಪನಿಗೆ ಸಿಟ್ಟು ಬರುವುದು ಸಂಜೆ ಏಳು ಗಂಟೆಗೆ, ಇಳಿಯುವುದು ಎಂಟಕ್ಕೆ. ನಡುವಿನ ಒಂದು ಗಂಟೆ ಟೀವಿಯಲ್ಲಿ ವಾರ್ತೆ ಬರುತ್ತದೆ. ಆ ಒಂದು ಗಂಟೆಯಲ್ಲಿ ಅವನ ಬಾಯಿಗೆ ಸಿಗದೆ ಪಾರಾದ ಮಂತ್ರಿ ಯಾವ ಪಕ್ಷದಲ್ಲೂ ಇಲ್ಲ. ಇವರೆಲ್ಲ ಕುರ್ಚಿ ಬಿಸಿ ಮಾಡೋಕೆ ಹುಟ್ಟಿದವರು, ಒಂದೇ ಒಂದು ದಿನ ನನ್ನ ಕೈಗೆ ಕೊಟ್ಟು ನೋಡಲಿ ಎಂದು ಅವನು ಟೀವಿಗೆ ಸವಾಲು ಹಾಕುತ್ತಾನೆ. ಟೀವಿ ಕೊಡುವುದಿಲ್ಲ. ಎಂಟಕ್ಕೆ ಹೆಂಡತಿ ನೀಲಾಂಬಿಕ ತಟ್ಟೆ ಇಟ್ಟ ಸದ್ದು ಕೇಳಿದರೆ ಎದ್ದು ಕೈ ತೊಳೆಯುತ್ತಾನೆ. ಆಮೇಲೆ ಮರುದಿನ ಸಂಜೆ ಏಳರವರೆಗೆ ಅವನಷ್ಟು ಸಾಧು ಮನುಷ್ಯ ಶಿಕಾರಿಪುರ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಈ ಸಾಧುತನವೇ ಅವನ ಬಂಡವಾಳ. ಅವನ ಊರು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿದೆ. ಹೆಸರು ಬೇಡ, ಅಲ್ಲಿಯವರಿಗೆ ಸಿಟ್ಟು ಬೇಗ. ಅಲ್ಲಿನ ಹಾಲಿನ ಸಂಘಕ್ಕೆ, ಊರವರ ಬಾಯಲ್ಲಿ ಡೈರಿಗೆ, ಸದಾಶಿವಪ್ಪ ಹದಿನೈದು ವರ್ಷದಿಂದ ನಿರ್ದೇಶಕ. ಹದಿನೈದು ವರ್ಷದಲ್ಲಿ ಅವನು ಸಭೆಯಲ್ಲಿ ಮಾಡಿದ ಕೆಲಸ ಒಂದೇ: ಹಿಂದಿನ ಸಭೆಯ ನಡವಳಿಯನ್ನು ಗಟ್ಟಿಯಾಗಿ ಓದುವುದು. ಗಂಟಲು ಒಳ್ಳೆಯದಿತ್ತು. ಓದಿದ ಮೇಲೆ ಸ್ವಂತದ್ದೆಂದು ಒಂದು ಮಾತನ್ನೂ ಸೇರಿಸಿದವನಲ್ಲ. ಇಂಥವನು ಅಧ್ಯಕ್ಷನಾಗಲು ಎಲ್ಲ ರೀತಿಯಿಂದಲೂ ಯೋಗ್ಯ ಎಂದು ಹುಚ್ಚರಾಯಪ್ಪನವರಿಗೆ ಈ ಸಲ ಅನ್ನಿಸಿತು.

ಹುಚ್ಚರಾಯಪ್ಪನವರಿಗೆ ಅನ್ನಿಸಿದರೆ ಡೈರಿಗೆ ಅನ್ನಿಸಿದಂತೆ. ಅವರು ಹಳೆಯ ಅಧ್ಯಕ್ಷರು, ಹಿರಿಯರು. ಡೈರಿ ಶುರುವಾದಾಗಿನಿಂದ ಅಲ್ಲಿ ಒಮ್ಮೆಯೂ ಮತ ಬಿದ್ದಿಲ್ಲ. ಎಲ್ಲವೂ ಅವಿರೋಧ. ಅದು ಊರಿನ ಹೆಮ್ಮೆ. ಪದ್ಧತಿ ಹೀಗೆ: ಅಧ್ಯಕ್ಷನಾಗುವವನು ನಾಮಪತ್ರ ತುಂಬಿ, ಸೂಚಕನ ಸಹಿ ಹಾಕಿಸಿ, ಹುಚ್ಚರಾಯಪ್ಪನವರ ಕೈಗೆ ಕೊಡುವುದು. ಅವರು ಅದನ್ನು ನಾಲ್ಕಾಗಿ ಮಡಿಸಿ ಒಳಜೇಬಿಗೆ ಇಳಿಸುವುದು. ಚುನಾವಣೆಯ ದಿನ ತಾವೇ ಹೋಗಿ ಅಧಿಕಾರಿಯ ಮುಂದೆ ಬಿಡಿಸಿ ಇಡುವುದು. ಇದುವರೆಗಿನ ನಾಲ್ವರು ಅಧ್ಯಕ್ಷರು ಆ ಜೇಬಿನಿಂದಲೇ ಹುಟ್ಟಿದವರು. ಇನ್ನೊಬ್ಬರು ನಾಮಪತ್ರ ಹಾಕುವುದೆಂದರೆ ಊಟದ ಪಂಕ್ತಿಯ ನಡುವೆ ಎದ್ದು ನಿಂತಂತೆ. ಯಾರೂ ಹಾಕುತ್ತಿರಲಿಲ್ಲ.

ಸೋಮವಾರ ಆಯ್ಕೆ. ಅದರ ಹಿಂದಿನ ಸೋಮವಾರವೇ ಸದಾಶಿವಪ್ಪನ ಕಾಗದ ಆ ಜೇಬು ಸೇರಿತ್ತು. ಏಳು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹದಿನೈದು ವರ್ಷದ ಅಭ್ಯಾಸವೂ ಇತ್ತು.

ಮಗಳು ಸ್ಪಂದನ ಶಿಕಾರಿಪುರದ ಕಾಲೇಜಿನಲ್ಲಿ ಓದುತ್ತಿದ್ದಳು. ಪರೀಕ್ಷೆ ಹತ್ತಿರವಿತ್ತು. ಏಳರಿಂದ ಎಂಟರವರೆಗೆ ಮನೆಯಲ್ಲಿ ಒಂದು ಸಾಲು ಓದಲಾಗದೆ ರೋಸಿಹೋಗಿ, ಅಪ್ಪನ ಫೋನಿಗೆ ಒಂದು ಆಟ ಇಳಿಸಿಕೊಟ್ಟಳು. ನಿಂಗೆ ಒಂದು ದಿನ ಕುರ್ಚಿ ಬೇಕಿತ್ತಲ್ಲ, ತಗೋ, ದೇಶನೇ ಕೊಟ್ಟಿದೀನಿ ಎಂದಳು.

ದೇಶದ ಹೆಸರು ಸೆರ್ಡೋನಿಯಾ. ಅದು ಭೂಪಟದಲ್ಲಿಲ್ಲ. ಆಡುವವನೇ ಅದರ ಪ್ರಧಾನಿ. ಗುಂಡು ಹಾರಿಸುವ ಹಾಗಿಲ್ಲ, ಕಾರು ಓಡಿಸುವ ಹಾಗಿಲ್ಲ. ಮಂತ್ರಿಗಳು ಒಬ್ಬೊಬ್ಬರಾಗಿ ಬಂದು ಸಂಕಟ ತೋಡಿಕೊಳ್ಳುತ್ತಾರೆ, ಕೆಳಗೆ ಮೂರು ದಾರಿ ಬರೆದಿರುತ್ತದೆ, ಪ್ರಧಾನಿ ಒಂದನ್ನು ಒತ್ತಬೇಕು. ಒತ್ತಿದರೆ ಕಥೆ ಆ ಕಡೆಗೆ ಹೊರಳುತ್ತದೆ. ಹಿಂದಕ್ಕೆ ಬರುವಂತಿಲ್ಲ. ಯಾರೋ ಪುಣ್ಯಾತ್ಮರು ಇದಕ್ಕೆ ಕನ್ನಡ ಹಾಕಿದ್ದರು. ಸರ್ಕಾರಿ ಸುತ್ತೋಲೆಯ ಕನ್ನಡ. ಹೀಗಾಗಿ ಸದಾಶಿವಪ್ಪನಿಗೆ ಭಾಷೆಯ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಹೆಸರುಗಳದು. ಹಣಕಾಸು ಮಂತ್ರಿಯ ಹೆಸರು ಡ್ರಾಗೊಮಿರೆಸ್ಕು, ಗೃಹಮಂತ್ರಿ ಸ್ಟಾನಿಮಿರೆಸ್ಕು. ಯಾರನ್ನು ಬೈಯಬೇಕೆಂದು ತಿಳಿಯದೆ ಅವನು ಮೊದಲ ಸಂಜೆಯೇ ಕಂಗೆಟ್ಟ.

ಹೆಸರು ಬದಲಾಯಿಸಬಹುದು, ಗೊತ್ತಿರೋರ ಹೆಸರು ಹೇಳು ಎಂದಳು ಸ್ಪಂದನ. ಸದಾಶಿವಪ್ಪನಿಗೆ ಬಾಯಿಪಾಠವಿದ್ದದ್ದು ಡೈರಿಯ ಹಾಜರಿ ಪುಸ್ತಕ. ಅದೇ ಕ್ರಮದಲ್ಲಿ ಹೇಳುತ್ತಾ ಹೋದ. ಮೊದಲ ಹೆಸರು ಹುಚ್ಚರಾಯಪ್ಪ, ಮೊದಲು ಬಂದದ್ದು ಹಣಕಾಸು ಖಾತೆ. ಎರಡನೆಯ ಹೆಸರು ರಾಜಪ್ಪ, ಎರಡನೆಯದು ಗೃಹ. ಮೂರನೆಯ ಹೆಸರು ಲೋಕಮ್ಮ, ಅವಳಿಗೆ ನೀರಾವರಿ. ಹೀಗೆ ಸಂಪುಟ ರಚನೆ ಎರಡು ನಿಮಿಷದಲ್ಲಿ ಮುಗಿಯಿತು. ಇದರಲ್ಲಿ ಒಳಸಂಚು ಏನೇನೂ ಇರಲಿಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಇದನ್ನು ಯಾರೂ ನಂಬುವುದಿಲ್ಲ.

ಮೊದಲ ನಾಲ್ಕು ದಿನ ಸದಾಶಿವಪ್ಪ ಡೈರಿಯ ಕ್ರಮದಲ್ಲೇ ರಾಜ್ಯಭಾರ ಮಾಡಿದ. ಏನೇ ಬರಲಿ, ‘ಸಮಿತಿ ರಚಿಸಿ’ ಎಂಬ ದಾರಿ ಇದ್ದರೆ ಅದನ್ನೇ ಒತ್ತಿದ. ಆರು ಸಮಿತಿಗಳಾದವು. ರೈಲು ನಿಂತಿತು, ಬ್ರೆಡ್ಡಿಗೆ ಸಾಲು ಹತ್ತಿತು, ಜನ ಅರಮನೆಯ ಕಿಟಕಿಗೆ ಕಲ್ಲು ಹೊಡೆದರು. ಐದನೆಯ ದಿನ ಕಂಪನಿಯೊಂದು ನದಿಯನ್ನು ತೊಂಬತ್ತೊಂಬತ್ತು ವರ್ಷಕ್ಕೆ ಗುತ್ತಿಗೆ ಕೇಳಿತು. ನೀರಾವರಿ ಮಂತ್ರಿ ಲೋಕಮ್ಮ ಸಹಿ ಹಾಕುವುದಿಲ್ಲ ಎಂದಳು. ಸದಾಶಿವಪ್ಪ ಅವಳನ್ನು ಸಂಪುಟದಿಂದ ಕೈಬಿಟ್ಟ. ಗೃಹಮಂತ್ರಿ ರಾಜಪ್ಪನಿಗೆ, ಸುಮ್ಮನಿದ್ದುದಕ್ಕಾಗಿ, ಪದಕ ಕೊಟ್ಟ. ಆರನೆಯ ದಿನ ತಿಳಿದದ್ದು: ಹಣಕಾಸು ಮಂತ್ರಿ ಆ ಕಂಪನಿಯಿಂದ ಲಂಚ ತಿಂದು ದೇಶದ ಗೋಧಿ ಕಣಜವನ್ನೇ ಮಾರಿಕೊಂಡಿದ್ದ.

ಆರನೆಯ ದಿನ ಎಂದರೆ ಶನಿವಾರ, ಬೆಳಿಗ್ಗೆ ಆರೂವರೆ. ಸದಾಶಿವಪ್ಪ ಹಾಲಿನ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಂತಿದ್ದ. ಹಿಂದೆ ಮುಂದೆ ನಲವತ್ತು ಜನ. ಅವನಿಗೆ ಕಣ್ಣಿನಲ್ಲಿ ಓದಿ ಅಭ್ಯಾಸವಿಲ್ಲ. ಕಾಗದವಿರಲಿ, ಫೋನಿರಲಿ, ಅಕ್ಷರ ಕಂಡರೆ ನಡವಳಿಯ ದನಿ ತಾನಾಗಿ ಎದ್ದು ಬರುತ್ತದೆ.

“ಹುಚ್ಚರಾಯಪ್ಪನವರ ಮೇಲಿನ ಲಂಚದ ಆರೋಪವು ಸಾಬೀತಾಗಿರುತ್ತದೆ,” ಎಂದು ಅವನು ಓದಿದ. “ಒಂದು, ಬಂಧಿಸಿ. ಎರಡು, ಗಡೀಪಾರು ಮಾಡಿ. ಮೂರು, ಕ್ಷಮಿಸಿ.”

ಸಾಲು ನಿಂತಿತು. ಹಾಲಿನ ಡಿಗ್ರಿ ನೋಡುತ್ತಿದ್ದ ಕಾರ್ಯದರ್ಶಿ ವಸಂತ ಕೊಳವೆಯನ್ನು ಕೈಯಲ್ಲೇ ಹಿಡಿದುಕೊಂಡು ಉಳಿದ. ಸದಾಶಿವಪ್ಪನಿಗೆ ಗೋಧಿಯ ಚಿಂತೆ. ಎಷ್ಟು ಮಕ್ಕಳ ಅನ್ನ ಎಂದುಕೊಂಡು ಕೆಂಪಗಾಗಿ, ಒಂದನೆಯದನ್ನು ಹೆಬ್ಬೆರಳಿನಿಂದ ಅದುಮಿದ.

“ಒಳಗೆ ಹಾಕಿಸಿದೆ ನೋಡು,” ಎಂದು ತನಗೆ ತಾನೇ ಹೇಳಿಕೊಂಡ. “ತಿಂದಿದ್ದೆಲ್ಲ ಕಕ್ಕಲಿ ಈಗ.”

ಅವತ್ತು ಡೈರಿಯಲ್ಲಿ ಯಾರ ಹಾಲಿಗೆ ಎಷ್ಟು ಫ್ಯಾಟು ಬಂತೆಂದು ಯಾರೂ ಕೇಳಲಿಲ್ಲ.

ಸುದ್ದಿ ಏಳೂಕಾಲರ ಬಸ್ಸಿಗೆ ಶಿಕಾರಿಪುರ ಮುಟ್ಟಿತು. ಹತ್ತು ಗಂಟೆಗೆ ಸೊರಬದಿಂದ ನೀಲಾಂಬಿಕಳ ತಮ್ಮ ರೇಣುಕಾಪ್ರಸಾದ ಫೋನು ಮಾಡಿದ. ಅಷ್ಟರಲ್ಲಿ ಅದಕ್ಕೆ ಕೈಕಾಲು ಬಂದಿದ್ದವು. ಭಾವ ಡೈರಿಯ ಹಳೇ ಲೆಕ್ಕ ತೆಗೆಸಿ ಮೇಲಿನವರಿಗೆ ಅರ್ಜಿ ಬರೆದಿದ್ದಾರಂತೆ, ಬೆಳಗಿನ ಜಾವ ಜೀಪು ಬಂದಿತ್ತಂತೆ, ಹುಚ್ಚರಾಯಪ್ಪನವರನ್ನು ಬನಿಯನ್ನಿನಲ್ಲೇ ಕರೆದುಕೊಂಡು ಹೋದರಂತೆ, ಅವರು ಒಂದು ಮಾತೂ ಆಡದೆ ಜೀಪು ಹತ್ತಿದರಂತೆ, ನಿಜವೇ? ನಿಜವಲ್ಲ ಎಂದು ನೀಲಾಂಬಿಕ ಹೇಳಿದಳು. ಹೊಸಬಾಳೆ ಊರಿನಿಂದ ಇಬ್ಬರು ನೋಡಿಕೊಂಡು ಬಂದಿದ್ದಾರೆ ಎಂದು ತಮ್ಮ ಹೇಳಿದ. ಭಾವನಿಗೆ ಇಷ್ಟು ಧೈರ್ಯ ಇದೆ ಅಂತ ಗೊತ್ತಿದ್ದಿದ್ರೆ ನನ್ನ ಪಹಣಿ ತಿದ್ದುಪಡಿ ಕೆಲಸ ಅವರಿಗೇ ಹೇಳ್ತಿದ್ದೆ ಎಂದು ಕೊರಗಿ ಫೋನು ಇಟ್ಟ.

ಬಂಧಿತರಾದ ಹುಚ್ಚರಾಯಪ್ಪನವರು ಆ ಹೊತ್ತಿಗೆ ತಮ್ಮ ಜಗಲಿಯ ಮೇಲೆ ಕೂತು, ತಾವು ಬಂಧಿತರಾದ ಸುದ್ದಿಯನ್ನು ಏಳನೆಯ ಸಲ ಕೇಳುತ್ತಿದ್ದರು. ಸದಾಶಿವಪ್ಪ ಮಗಳನ್ನು ಕರೆದುಕೊಂಡು ಓಡಿದ. ಅದು ಆಟ, ಅದರಲ್ಲಿ ದೇಶವೇ ಸುಳ್ಳು ಎಂದು ಸ್ಪಂದನ ಕಾಲು ಗಂಟೆ ಬಿಡಿಸಿ ಹೇಳಿದಳು. ಹುಚ್ಚರಾಯಪ್ಪನವರು ಬುದ್ಧಿವಂತರು. ಎಲ್ಲವೂ ಅರ್ಥವಾಯಿತು. ಅರ್ಥವಾದ ಮೇಲೆ ಸಿಟ್ಟು ಬಂತು.

“ಮೂರು ದಾರಿ ಇದ್ವು ಅಂದೆ,” ಎಂದರು.

“ಹೂಂ, ಗೌಡ್ರೆ.”

“ಮೂರನೇದು ಏನು?”

“ಕ್ಷಮಿಸಿ ಅಂತ.”

“ಇತ್ತು ಅದು?”

“ಇತ್ತು ಗೌಡ್ರೆ.”

“ಬೆರಳಿಗೆ ಸಿಗಲಿಲ್ಲೇನು?”

ಸದಾಶಿವಪ್ಪ ತನ್ನ ಹೆಬ್ಬೆರಳು ನೋಡಿಕೊಂಡ. ಅರ್ಜಿ ಬರೆದಿದ್ದರೆ ಯಾರೋ ಬರೆಸಿದರು ಎನ್ನಬಹುದಿತ್ತು. ಇಲ್ಲಿ ಕ್ಷಮೆ ಕಣ್ಣೆದುರಿಗಿದ್ದು, ಬೆರಳು ಅವನದೇ ಆಗಿತ್ತು. ಮೊದಲನೆಯದಾಗಿ ನನ್ನನ್ನೇ ಲಂಚದ ಖಾತೆಗೆ ಯಾಕೆ ಹಾಕಿದೆ ಎಂದು ಅವರು ಕೇಳಿದರು. ಹಾಜರಿ ಪುಸ್ತಕದ ಕ್ರಮ ಎಂದು ಇವನು ಹೇಳಿದ. ಜಗಲಿಯ ಮೇಲಿದ್ದವರೆಲ್ಲ ಕೆಮ್ಮಿದರು. ಹಾಜರಿ ಪುಸ್ತಕದ ಕ್ರಮ ಎನ್ನುವವನು ಇನ್ನು ಏನೇನು ಅಂದಾನು ಎನ್ನುವ ಕೆಮ್ಮು ಅದು.

ಸಂಜೆಯೊಳಗೆ ಸಂಪುಟದ ಬಹುತೇಕರು ಸದಾಶಿವಪ್ಪನ ಮನೆಗೆ ಬಂದು ಹೋದರು. ರೈಲು ಖಾತೆ ಸಿಕ್ಕವನು, ರೈಲು ನಿಂತದ್ದು ತನ್ನ ತಪ್ಪಲ್ಲ, ಸಮಿತಿಯ ತಪ್ಪು ಎಂದು ವಾದಿಸಿ ಹೋದ. ಆರೋಗ್ಯ ಖಾತೆಯವನು ತನ್ನನ್ನು ಆರು ದಿನದಲ್ಲಿ ಒಂದು ಸಲವೂ ಕರೆಸಲಿಲ್ಲವೆಂದು ನೊಂದುಕೊಂಡ. ಸಂಪುಟದ ಒಳಗಿದ್ದವರಿಗಿಂತ ರೇಗಿದವನು ಹೊರಗಿದ್ದವನು. ಅವನು ಗುಡ್ಡಪ್ಪ, ಲೋಕಮ್ಮನ ಗಂಡ. ಲೋಕಮ್ಮ ಮಹಿಳಾ ಮೀಸಲು ಸ್ಥಾನದ ನಿರ್ದೇಶಕಿ. ಸಭೆಗೆ ಹೋಗುವುದು, ಕೂರುವುದು, ಕೂಗುವುದು ಗುಡ್ಡಪ್ಪ. ಅವನು ನಡವಳಿ ಪುಸ್ತಕ ಮನೆಗೆ ತಂದು ಬೆರಳಿಟ್ಟ ಜಾಗದಲ್ಲಿ ಸಹಿ ಹಾಕುವುದು ಅವಳು. ಐದು ವರ್ಷದಿಂದ ಹೀಗೇ ನಡೆದಿತ್ತು.

“ನನ್ನ ಕೇಳ್ದೆ ನನ್ನ ಹೆಂಡ್ತಿಗೆ ಖಾತೆ ಹೆಂಗೆ ಕೊಟ್ಟೆ?” ಎಂದು ಗುಡ್ಡಪ್ಪ ಬಾಗಿಲಲ್ಲೇ ನಿಂತು ಕೇಳಿದ. “ಕೊಟ್ಟಿದ್ದು ಕೊಟ್ಟೆ, ತೆಗೆದದ್ದಾದ್ರೂ ಕೇಳಿ ತೆಗೀಬಾರ್ದಾ? ಹೋಗ್ಲಿ, ನಂಗೇನು ಕೊಟ್ಟಿದೀಯ?”

ಏನೂ ಕೊಟ್ಟಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗುಡ್ಡಪ್ಪನ ಹೆಸರೇ ಇರಲಿಲ್ಲ. ಇದನ್ನು ಹೇಳಬಾರದಿತ್ತು, ಸದಾಶಿವಪ್ಪ ಹೇಳಿದ. ಗುಡ್ಡಪ್ಪ ಕಟ್ಟೆ ಇಳಿಯುವಾಗ ಎಮ್ಮೆಗೆ ಇಟ್ಟ ಕಲಗಚ್ಚಿನ ಬಕೀಟನ್ನು ಒದ್ದು ಹೋದ.

ಇಡೀ ಊರಿನಲ್ಲಿ ಸದಾಶಿವಪ್ಪನ ಪರ ಉಳಿದವನು ರಾಜಪ್ಪ ಒಬ್ಬನೇ. ಪದಕ ಬಂದ ಮೇಲೆ ಅವನ ನಡಿಗೆ ಬದಲಾಗಿತ್ತು. ಮಾಡಿದ್ದರಲ್ಲಿ ತಪ್ಪೇನು, ಮಾಡ್ಲೇಬೇಕಾದ ಕೆಲಸ ಎಂದು ಅವನು ಚಹಾದ ಅಂಗಡಿಯಲ್ಲಿ ಹೇಳುತ್ತಿದ್ದ. ಅದರಿಂದ ಹುಚ್ಚರಾಯಪ್ಪನವರ ಸಿಟ್ಟು ಇನ್ನೊಂದು ಪಟ್ಟು ಏರಿತು.

ಭಾನುವಾರ ಮಧ್ಯಾಹ್ನ ಲೋಕಮ್ಮ ಬಂದಳು. ಎರವಲು ಒಯ್ದಿದ್ದ ಜರಡಿ ಕೊಡುವ ನೆಪವಿತ್ತು. ನೀಲಾಂಬಿಕಳ ಹತ್ತಿರ ಅದೂ ಇದೂ ಮಾತಾಡಿ, ಕಂಬಕ್ಕೆ ಒರಗಿ ಕೂತಿದ್ದ ಸದಾಶಿವಪ್ಪನ ಕಡೆ ತಿರುಗಿದಳು.

“ಅಣ್ಣ, ನಾನು ಮಂತ್ರಿಯಾಗಿ ಏನ್ ಮಾಡಿದೆ?”

ಸದಾಶಿವಪ್ಪನ ತಾಳ್ಮೆ ಮುಗಿದಿತ್ತು. ಏನೂ ಮಾಡಲಿಲ್ಲ, ಅಡ್ಡಗಾಲು ಹಾಕಿದೆ, ಅದಕ್ಕೆ ತೆಗೆದೆ ಎಂದ. ಏನಂತ ಅಡ್ಡಗಾಲು ಹಾಕಿದೆ ಎಂದು ಅವಳು ಬಿಡಲಿಲ್ಲ. ಅವನು ಫೋನು ತೆಗೆದು, ಓದಲು ಮಾತ್ರ ಸಿಗುವ ಹಳೆಯ ಪುಟಕ್ಕೆ ಹೋಗಿ, ನಡವಳಿಯ ದನಿಯಲ್ಲಿ ಓದಿದ: “ಈ ನದಿಯು ನಿಮ್ಮ ಹೆಸರಿನಲ್ಲಿಲ್ಲ, ನನ್ನ ಹೆಸರಿನಲ್ಲಿಯೂ ಇಲ್ಲ. ಆದ ಕಾರಣ ನಾನು ಸಹಿ ಹಾಕುವುದಿಲ್ಲ.”

“ನಾನು ಹೇಳಿದ್ದು ಇದು?”

“ನೀನಲ್ಲ ಮಾರಾಯ್ತಿ, ಆ ಮಂತ್ರಿ.”

“ನನ್ನ ಹೆಸರೇ ಅಲ್ವ ಇರೋದು. ಇನ್ನೊಂದ್ಸಲ ಓದ್ರಿ.”

ಅವನು ಓದಿದ. ಅವಳು ಕೇಳಿದಳು, ಅಡಿಗೆ ಮನೆಯ ಬಾಗಿಲಲ್ಲಿ ನಿಂತು ನೀಲಾಂಬಿಕಳೂ ಕೇಳಿದಳು. ಸಹಿ ಹಾಕದೆ ಇರೋದೂ ಒಂದು ದಾರಿ ಅಂತ ನಂಗೆ ಹೊಳೆದಿರಲಿಲ್ಲ ಎಂದಳು ಲೋಕಮ್ಮ. ಏಳುವಾಗ, ನಾಳೆ ನಾಮಪತ್ರ ಎಷ್ಟೊತ್ತಿಗೆ ಎಂದು ಕೇಳಿದಳು. ಹತ್ತರಿಂದ ಹನ್ನೊಂದು, ಫಾರಂ ವಸಂತನ ಹತ್ರ ಇರುತ್ತೆ, ಒಬ್ಬರು ಸೂಚಕರ ಸಹಿ ಬೇಕು, ಹನ್ನೊಂದೂವರೆಗೆ ಸಭೆ ಎಂದು ಸದಾಶಿವಪ್ಪ ಎಲ್ಲವನ್ನೂ ವಿವರವಾಗಿ ಹೇಳಿದ. ಅವನ ತಲೆಯಲ್ಲಿದ್ದದ್ದು ತನ್ನ ಕಾಗದ. ಅದು ಇನ್ನೂ ಹುಚ್ಚರಾಯಪ್ಪನವರ ಜೇಬಿನಲ್ಲಿತ್ತು.

ಸೋಮವಾರ ಒಂಬತ್ತಕ್ಕೆ ಅವನಿಗೆ ಜಗಲಿಗೆ ಬರಬೇಕೆಂದು ಕರೆ ಬಂತು. ಮಗಳನ್ನೂ ಫೋನನ್ನೂ ತರಬೇಕೆಂದು ತಾಕೀತು. ಹೋದರೆ ನಿರ್ದೇಶಕರೆಲ್ಲ ಕಂಬಳಿಯ ಮೇಲೆ ಕೂತಿದ್ದರು. ಗುಡ್ಡಪ್ಪ ಎಂದಿನಂತೆ ಹೆಂಡತಿಯ ಪರವಾಗಿ ಕೂತಿದ್ದ. ಹುಚ್ಚಮ್ಮನೆಂಬ ಇನ್ನೊಬ್ಬ ನಿರ್ದೇಶಕಿ ಇದ್ದಳು, ವಯಸ್ಸಾದ ವಿಧವೆ, ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುವವಳು. ಅವಳು ಬಂದಿರಲಿಲ್ಲ. ಅವಳು ಬಾರದಿದ್ದುದು ಯಾರಿಗೂ ಕಾಣಲಿಲ್ಲ.

ಹುಚ್ಚರಾಯಪ್ಪನವರು ತೀರ್ಪು ಹೇಳಿದರು. ನನ್ನ ಮೇಲೆ ಒಂದು ಕಪ್ಪು ಚುಕ್ಕೆ ಇಟ್ಟುಕೊಂಡು ನಾನು ಇನ್ನೊಬ್ಬನನ್ನು ಅಧ್ಯಕ್ಷ ಮಾಡಲಿಕ್ಕೆ ಬರುವುದಿಲ್ಲ. ಮೊದಲು ನನ್ನನ್ನು ಜೈಲಿನಿಂದ ಬಿಡಿಸಬೇಕು. ಬಿಡಿಸಿದ್ದನ್ನು ಎಲ್ಲರೂ ಕಣ್ಣಾರೆ ನೋಡಬೇಕು. ಆಮೇಲೆ ಕಾಗದ ಜೇಬಿನಿಂದ ಹೊರಗೆ ಬರುತ್ತದೆ.

ಹಿಂದಕ್ಕೆ ಹೋಗೋಕೆ ಆಗಲ್ಲ, ಬೇಕಾದರೆ ಮೊದಲಿಂದ ಆಡಬೇಕು ಎಂದಳು ಸ್ಪಂದನ. ಹಾಗಾದರೆ ಮೊದಲಿಂದಲೇ ಆಗಲಿ ಎಂದರು. ಹೀಗೆ ಸೆರ್ಡೋನಿಯಾದ ಎರಡನೆಯ ಸರ್ಕಾರ ರಚಿಸಲು ಊರಿನ ಹಿರಿಯರು ಒಂಬತ್ತೂವರೆಗೆ ಕೂತರು.

ಕೂತ ಮೇಲೆ ಏಳುವ ಲಕ್ಷಣ ಕಾಣಲಿಲ್ಲ. ಮೊದಲ ಸಲದ ಸಂಪುಟಕ್ಕೆ ಎರಡು ನಿಮಿಷ ಸಾಕಾಗಿತ್ತು, ಆಗ ಮಂತ್ರಿಗಳು ಹಾಜರಿರಲಿಲ್ಲ. ರೈಲು ಖಾತೆಯವನು ತನಗೆ ರೈಲು ಬೇಡ, ಊರಿಗೇ ರೈಲಿಲ್ಲದೆ ಬರೀ ಅಪವಾದ ಎಂದ. ರಾಜಪ್ಪ ಗೃಹ ಖಾತೆಯನ್ನು ಬಿಡುವುದಿಲ್ಲ ಎಂದು ಟವೆಲ್ಲು ಹಾಸಿ ಕೂತ. ಪದಕ ಉಳಿಯುತ್ತದೆಯೋ ಇಲ್ಲವೋ ಮೊದಲು ಹೇಳಿ ಎಂದು ಪಟ್ಟು ಹಿಡಿದ. ನೀರಾವರಿಗೆ ತನ್ನ ಹೆಸರು ಹಾಕಬೇಕೆಂದು ಗುಡ್ಡಪ್ಪ ಹೇಳಿದ. ಹೆಸರು ಹಾಕಬಹುದು, ಆದರೆ ಚಿತ್ರ ಹೆಂಗಸಿನದೇ ಇರುತ್ತೆ, ಲಿಪ್‌ಸ್ಟಿಕ್ಕೂ ಇರುತ್ತೆ ಎಂದಳು ಸ್ಪಂದನ. ಗುಡ್ಡಪ್ಪ ಫೋನು ಇಸಿದುಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದ.

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲಾಯಿತು. ಗೌಡ್ರೆ, ಹೊತ್ತಾಗ್ತದೆ ಎಂದ ಸದಾಶಿವಪ್ಪ. ಆಫೀಸರು ಎಲ್ಲಿಗೆ ಹೋಗ್ತಾರೆ, ಕೂತಿರ್ತಾರೆ ಎಂದರು ಹುಚ್ಚರಾಯಪ್ಪನವರು. ಅವರ ಮಾತೂ ಸುಳ್ಳಲ್ಲ. ಹಿಂದಿನ ಅಧಿಕಾರಿಗಳೆಲ್ಲ ಅವರ ಬರವನ್ನು ಕಾಯುತ್ತಾ ಮಂಡಕ್ಕಿ ತಿನ್ನುತ್ತಾ ಕೂತಿರುತ್ತಿದ್ದರು. ಈ ಸಲದವರು ಸೊರಬದಿಂದ ಪ್ರಭಾರದ ಮೇಲೆ ಬಂದವರು, ಹೊಸಬರು. ಅವರಿಗೆ ಜೇಬಿನ ಪದ್ಧತಿ ಗೊತ್ತಿರಲಿಲ್ಲ.

ಹಣಕಾಸು ಖಾತೆಯ ಸರದಿ ಬಂತು. ಈ ಕಥೆಯಲ್ಲಿ ಹಣಕಾಸು ಮಂತ್ರಿ ಏನು ಮಾಡಿದರೂ ಲಂಚ ತಿಂದೇ ತಿನ್ನುತ್ತಾನೆ, ಅದು ಬರೆದಿಟ್ಟದ್ದು ಎಂದು ಸ್ಪಂದನ ಮುಂಚೆಯೇ ಎಚ್ಚರಿಸಿದಳು. ಹನ್ನೊಂದು ಗಂಡಸರೂ ತಲೆ ತಗ್ಗಿಸಿ ಕಂಬಳಿಯ ಗೆರೆ ಎಣಿಸಿದರು. ಸೆರ್ಡೋನಿಯಾಕ್ಕೆ ಹಣಕಾಸು ಮಂತ್ರಿ ಸಿಗದೆ ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ಆ ಹಳೆಯ ಡ್ರಾಗೊಮಿರೆಸ್ಕುವನ್ನೇ ವಾಪಸ್ಸು ಕರೆಸುವುದೆಂದು ಒಪ್ಪಿಗೆಯಾಯಿತು. ಅವನಾದರೆ ಊರಿನವನಲ್ಲ.

“ಈಗ ಪ್ರಧಾನಿ ಹೆಸರು,” ಎಂದಳು ಸ್ಪಂದನ.

“ನಂದು ಹಾಕಮ್ಮ,” ಎಂದರು ಹುಚ್ಚರಾಯಪ್ಪನವರು.

ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಸದಾಶಿವಪ್ಪ ಕತ್ತೆತ್ತಿದ.

“ಮತ್ತೆ ನಾನು?”

“ನೀನು ಒತ್ತು. ಹೆಸರು ನಂದಿರಲಿ.”

ಆಗ ಆದದ್ದನ್ನು ಜಗಲಿಯಲ್ಲಿದ್ದವರು ಇವತ್ತಿಗೂ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಬೆಳಿಗ್ಗೆ ಹನ್ನೊಂದರೊಳಗೆ ಸದಾಶಿವಪ್ಪನಿಗೆ ಸಿಟ್ಟು ಬಂದದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ಅವನು ಎದ್ದು ನಿಂತ. ಟವೆಲ್ಲು ಹೆಗಲಿನಿಂದ ಬಿತ್ತು. ಎತ್ತಿಕೊಳ್ಳಲಿಲ್ಲ.

“ಡೈರಿಯಲ್ಲಿ ಹೆಸರು ನಂದು, ಒತ್ತೋದು ನೀವು,” ಎಂದ. “ಇಲ್ಲಿ ಒತ್ತೋದು ನಾನು, ಹೆಸರು ನಿಮ್ದು. ನಂಗೆ ಎರಡೂ ಒಟ್ಟಿಗೆ ಸಿಗೋದು ಯಾವತ್ತು ಗೌಡ್ರೆ? ಹದಿನೈದು ವರ್ಷ ನೀವು ಬರೆಸಿದ್ದನ್ನ ಓದಿದೀನಿ. ಒಂದ್ಸಲ, ಒಂದೇ ಒಂದ್ಸಲ ನಾನಾಗಿ ಒಂದು ಒತ್ತಿದೆ. ಅದಕ್ಕೆ ಊರು ಕೂಡಿಸಿದೀರಿ. ಇನ್ನೊಂದು ಮಾತು ಕೇಳ್ರಿ. ಮೂರನೇದು ಬೆರಳಿಗೆ ಸಿಕ್ಕಿತ್ತು. ಬೇಕಂತಲೇ ಒತ್ಲಿಲ್ಲ. ನಾಳೆ ಮತ್ತೆ ಬಂದ್ರೂ ಒಂದನೇದೇ ಒತ್ತೋದು.”

ಹಾಜರಿ ಪುಸ್ತಕದ ಕ್ರಮ ಎಂದು ಎರಡು ದಿನದಿಂದ ಹೇಳುತ್ತಿದ್ದದ್ದು ನಿಜ, ಅದನ್ನು ಯಾರೂ ನಂಬಿರಲಿಲ್ಲ. ಇದನ್ನು ಎಲ್ಲರೂ ತಕ್ಷಣ ನಂಬಿದರು.

ಕಾಗದ ಕೊಡ್ರಿ ಎಂದು ಸದಾಶಿವಪ್ಪ ಕೈ ಚಾಚಿದ. ಕೊಡುವುದಿಲ್ಲ ಎಂದು ಹುಚ್ಚರಾಯಪ್ಪನವರು ಎದೆಯ ಮೇಲೆ ಅಂಗೈ ಇಟ್ಟುಕೊಂಡರು. ಗೃಹಮಂತ್ರಿಯ ಜವಾಬ್ದಾರಿ ತನ್ನದೆಂದು ರಾಜಪ್ಪ ನಡುವೆ ನುಗ್ಗಿದ. ಅವನು ಯಾರನ್ನು ತಡೆದ, ಯಾರನ್ನು ನೂಕಿದ ಎಂಬುದು ಸ್ಪಷ್ಟವಿಲ್ಲ. ಹುಚ್ಚರಾಯಪ್ಪನವರು ಮುದುಕರಾದರೂ ಗಟ್ಟಿ ಆಳು. ಅಂಗಿಯ ಎರಡು ಗುಂಡಿ ಹಾರಿದವು, ಒಂದು ಚೊಂಬು ಉರುಳಿತು, ಗುಡ್ಡಪ್ಪ ಎರಡೂ ಕಡೆಯವರನ್ನು ಬೈದ. ಕಡೆಗೆ ಯಾರೂ ಗೆಲ್ಲದೆ, ಡೈರಿಗೇ ನಡೀರಿ, ಆಫೀಸರ ಎದುರಿಗೇ ತೀರ್ಮಾನವಾಗಲಿ ಎಂದು ಎಲ್ಲರೂ ಬೀದಿಗಿಳಿದರು. ಹುಚ್ಚರಾಯಪ್ಪನವರು ಎದೆ ಹಿಡಿದುಕೊಂಡು ಮುಂದೆ, ಆ ಎದೆಯ ಮೇಲೆ ಕಣ್ಣಿಟ್ಟು ಸದಾಶಿವಪ್ಪ ಹಿಂದೆ. ದಾರಿಯಲ್ಲಿ ನೋಡಿದವರು, ಗೌಡರಿಗೆ ಜೈಲಿನ ಯೋಚನೆಯಲ್ಲಿ ಎದೆನೋವು ಬಂದಿದೆ ಎಂದುಕೊಂಡು ಸೊರಬಕ್ಕೆ ಫೋನು ಮಾಡಿದರು.

ಡೈರಿ ಮುಟ್ಟಿದಾಗ ಹನ್ನೊಂದು ಗಂಟೆ ಹನ್ನೆರಡು ನಿಮಿಷ. ಅಧಿಕಾರಿ ಲಕೋಟೆಗೆ ಅರಗು ಹಾಕುತ್ತಿದ್ದರು. ಬೆಂಚಿನ ಮೇಲೆ ಲೋಕಮ್ಮ ಮತ್ತು ಹುಚ್ಚಮ್ಮ ಪಕ್ಕಪಕ್ಕ ಕೂತಿದ್ದರು. ಹುಚ್ಚಮ್ಮನ ಹೆಬ್ಬೆಟ್ಟಿನಲ್ಲಿ ಶಾಯಿ ಹಸಿಯಾಗಿತ್ತು.

ಹುಚ್ಚರಾಯಪ್ಪನವರು ಕಾಗದ ತೆಗೆದು, ನಾಲ್ಕು ಮಡಿಕೆ ಬಿಡಿಸಿ, ಮೇಜಿನ ಮೇಲೆ ಇಟ್ಟರು. ಜಗಳದಲ್ಲಿ ಅದು ಬೆವರಿಗೆ ನೆನೆದಿತ್ತು. ಅಧಿಕಾರಿ ಅದನ್ನು ಮುಟ್ಟದೆ ಗಡಿಯಾರ ತೋರಿಸಿದರು. ಸಮಯ ಮೀರಿದೆ, ಒಂದೇ ನಾಮಪತ್ರ ಬಂದಿದೆ, ಕ್ರಮಬದ್ಧವಾಗಿದೆ ಎಂದರು. ಯಾರದು ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಅವರು ಹೆಸರು ಹೇಳಿದರು.

ಗುಡ್ಡಪ್ಪ ನಕ್ಕ. ಅದು ತನ್ನದೇ ಅಂದುಕೊಳ್ಳಿ, ಹೆಂಗಸು ಗೊತ್ತಿಲ್ಲದೆ ಹಾಕಿದ್ದಾಳೆ, ವಾಪಸ್ಸು ತೆಗೆಸುತ್ತೇನೆ ಎಂದು ಅಧಿಕಾರಿಗೆ ಸಮಾಧಾನ ಹೇಳಿದ. ಹೆಂಡತಿಯ ಕಡೆ ತಿರುಗಿ ಕಣ್ಣಿನಲ್ಲೇ ಎದ್ದೇಳು ಎಂದ.

“ನಾನು ಸಹಿ ಹಾಕಲ್ಲ,” ಎಂದಳು ಲೋಕಮ್ಮ.

“ಯಾವುದಕ್ಕೆ?”

“ವಾಪಸ್ ತಗಳೋದಕ್ಕೆ.”

ನೀವು ಯಾರು ಎಂದು ಅಧಿಕಾರಿ ಗುಡ್ಡಪ್ಪನನ್ನು ಕೇಳಿದರು. ಐದು ವರ್ಷದಿಂದ ಆ ಕೋಣೆಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಿಮ್ಮ ಸೊರಬದಲ್ಲಿ ಹಂಗೆ ನಡೀಬಹುದು, ಇಲ್ಲಿ ನಡೆಯಲ್ಲ ಎಂದು ಗುಡ್ಡಪ್ಪ ಕೂಗಿದ. ಸದಸ್ಯರಲ್ಲದವರು ಹೊರಗೆ ಎಂದು ಅಧಿಕಾರಿ ಬಾಗಿಲು ತೋರಿಸಿದರು. ಅವನು ಹೊರಗೆ ಹೋಗಿ ಕಿಟಕಿಯಲ್ಲಿ ನಿಂತ. ವಸಂತ ಕಿಟಕಿ ಹಾಕಿದ.

ಹುಚ್ಚರಾಯಪ್ಪನವರು ಮತ ಹಾಕಿಸಿ ಎನ್ನಲು ಬಾಯಿ ತೆರೆದರು, ಒಂದೇ ನಾಮಪತ್ರಕ್ಕೆ ಮತ ಯಾಕೆ ಎಂದು ಅಧಿಕಾರಿ ಕೇಳಿದರು. ಹಂಗಾದ್ರೆ ಎಂದರು. ಹಂಗಾದ್ರೆ ಅವಿರೋಧ ಎಂದರು ಅಧಿಕಾರಿ. ಡೈರಿಯ ಹೆಮ್ಮೆಗೆ ಭಂಗ ಬರಲಿಲ್ಲ.

ವಸಂತ ನಡವಳಿ ಬರೆದ. ಶ್ರೀಮತಿ ಲೋಕಮ್ಮನವರು ಅವಿರೋಧವಾಗಿ ಅಧ್ಯಕ್ಷರಾಗಿ ಆಯ್ಕೆಯಾಗಿದ್ದಾರೆ, ಸಭೆಯು ಒಪ್ಪಿದೆ. ಕೆಳಗೆ ಹನ್ನೆರಡು ಜನರ ಸಹಿಗೆ ಜಾಗ. ಹುಚ್ಚರಾಯಪ್ಪನವರು ಗುಂಡಿ ಹೋದ ಅಂಗಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಲ್ಲಿ ಸಹಿ ಹಾಕಿದರು. ರಾಜಪ್ಪ ಎರಡು ಸಲ ಓದಿ ಹಾಕಿದ. ಪುಸ್ತಕ ಸದಾಶಿವಪ್ಪನ ಮುಂದೆ ಬಂತು.

ಅವನು ಪೆನ್ನು ಹಿಡಿದ. ಹದಿನೈದು ವರ್ಷ, ಬೆವರಿಗೆ ನೆನೆದ ಆ ಕಾಗದ, ಗೌಡರ ಅಂಗೈ, ತಾನೇ ಕೂರಿಸಿಕೊಂಡು ಗಂಟೆ ಸಮೇತ ಎಲ್ಲವನ್ನೂ ವಿವರಿಸಿದ್ದು. ಸ ಎಂದು ಒತ್ತಿ ಬರೆಯುವುದರೊಳಗೆ ಹಾಳೆ ಪರ್ರನೆ ಮೇಜಿನವರೆಗೆ ಸೀಳಿತು. ಹರಿದ ನಡವಳಿ ನಡೆಯುವುದಿಲ್ಲ, ಮತ್ತೆ ಬರೆಯಿರಿ ಎಂದರು ಅಧಿಕಾರಿ. ವಸಂತ ಮತ್ತೆ ಬರೆದ, ಎಲ್ಲರೂ ಗೊಣಗುತ್ತಾ ಮತ್ತೆ ಸಹಿ ಹಾಕಿದರು, ಪುಸ್ತಕ ಮತ್ತೆ ಬಂತು. ಈ ಸಲ ಅವನು ಸದಾ ಎಂಬಲ್ಲಿಗೆ ಬಂದಿದ್ದ. ಹಾಳೆ ಹೋಯಿತು, ಅದರ ಕೆಳಗಿನದೂ ಹೋಯಿತು.

ಅಧಿಕಾರಿಗೂ ಸಿಟ್ಟು ಬಂತು. ಸರ್ಕಾರಿ ದಾಖಲೆ ಹಾಳು ಮಾಡುತ್ತಿದ್ದೀರಿ ಎಂದರು. ಹುಚ್ಚರಾಯಪ್ಪನವರು ಅವನನ್ನು ಹೊರಗೆ ಹಾಕಿ ಎಂದರು. ವಸಂತ ಪೆನ್ನು ಕೆಳಗಿಟ್ಟು ಹೊಸ ಅಧ್ಯಕ್ಷರ ಮುಖ ನೋಡಿದ.

ಲೋಕಮ್ಮ ಸೆರಗು ಸರಿಮಾಡಿಕೊಂಡು, ಬೆಂಚಿನಿಂದ ಎದ್ದು, ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು. ಸದಾಶಿವಪ್ಪನಿಗೆ ಅದರ ಕೈ ಎಲ್ಲಿ ಸಡಿಲವಾಗಿದೆ ಎಂಬುದೂ ಗೊತ್ತಿತ್ತು.

“ಬರಿ ವಸಂತ,” ಎಂದಳು. “ಅಣ್ಣನ ಸಿಟ್ಟು ಇಳಿಯೋವರ್ಗೂ ಬರಿ. ಪುಸ್ತಕದಲ್ಲಿ ಹಾಳೆ ಬೇಕಾದಷ್ಟು ಐತೆ.”

ಮೂರನೆಯ ಸಲ ಹಾಳೆ ಹರಿಯಲಿಲ್ಲ.